ಒಡದು ಹೊಳ್ಳಿ ಕಟ್ಟೂದು ತಪ್ಪಬೇಕಂದ್ರ: ಹುಬ್ಬಳ್ಳಿ-ಧಾರವಾಡ ಕಡೆ ಮನಿ ಕಟ್ಟಿಸೋರಿಗೆ ಪಾಯಾದಿಂದ ತಾರಸಿ ತನಕ

ನಮ್ಮಪ್ಪ ಗೌಂಡಿ ಇದ್ರು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿ, ಧಾರವಾಡ, ಗದಗ ಸುತ್ತಮುತ್ತ 30-40, 30-50 ಸೈಟಿನ ಮನಿ ನೋಡಿಕೊಳ್ಳಾಕ ಹತ್ತಿ 16 ವರ್ಷ ಆತು. ಕೆಲಸದ ಜಾಗಾದಾಗ ನನಗ ಹೊಟ್ಟಿ ಉರಿಯೂ ಸಪ್ಪಳ ಒಂದ ಐತಿ, ನಿನ್ನೆ ಮೊನ್ನೆ ಕಟ್ಟಿದ ಗ್ವಾಡಿ ಮ್ಯಾಲೆ ಚಾಣ-ಸುತ್ತಿಗಿ ಬೀಳೂ ಸಪ್ಪಳ. ಸಾಲ ಮಾಡಿ, ಬಂಗಾರ ಅಡಾ ಇಟ್ಟು ತಂದ ರೊಕ್ಕ ಧೂಳಾಗಿ ಹಾರಿ ಹೋಗೂ ಸಪ್ಪಳ ಅದು. ಅದಕ್ಕ ಇವತ್ತು ನನಗ ತಿಳಿದಷ್ಟು ಎಲ್ಲಾ ಒಂದ ಕಡೆ ಬರದಿಡ್ತೀನಿ, ಯಾಕ ಒಡೀಬೇಕಾಗತೈತಿ, ಎಷ್ಟು ಖರ್ಚು ಬೀಳತೈತಿ, ಯಾವ ಹಂತದಾಗ ಏನ್ ನೋಡಿದ್ರ ಅದು ತಪ್ಪತೈತಿ ಅಂತ.

ಮೊದಲ ಒಂದು ಮಾತು ತಲ್ಯಾಗ ಇಟಗೊಳ್ರಿ, ಉಳಿದದ್ದೆಲ್ಲಾ ಇದರ ಮ್ಯಾಲೇ ನಿಂತೈತಿ. ಮನಿ ಕೆಲಸದಾಗ ಪ್ರತಿಯೊಂದಕ್ಕೂ ಅದು ಮುಚ್ಚಿ ಹೋಗೂ ದಿನ ಅಂತ ಒಂದು ಇರತೈತಿ. ಪಾಯಾ ಮಣ್ಣಾಗ ಮುಚ್ಚತೈತಿ, ಕಬ್ಬಿಣ ಕಾಂಕ್ರೀಟ್‌ನಾಗ, ಪೈಪ್ ಪ್ಲಾಸ್ಟರ್‌ನಾಗ, ವಾಟರ್‌ಪ್ರೂಫಿಂಗ್ ಟೈಲ್ಸ್ ಕೆಳಗ. ಮುಚ್ಚೂಕಿಂತ ಮೊದಲು ತಪ್ಪು ಸಿಕ್ಕರ ಅರ್ಧಾ ತಾಸಿನ ಕೆಲಸ, ಮುಚ್ಚಿದ ಮ್ಯಾಲೆ ಸಿಕ್ಕರ ವಾರದ ಕೆಲಸ.

ಖರ್ಚು ಹೆಂಗ ಲೆಕ್ಕ ಹಾಕಬೇಕು

ಮಂದಿ ಏನ್ ತಿಳ್ಕೊಂಡಿರ್ತಾರ ಅಂದ್ರ 4 ಸಾವಿರದ ಕೆಲಸ ಕೆಟ್ಟರ ಇನ್ನೊಂದ 4 ಸಾವಿರ ಹೋಗತೈತಿ ಅಂತ. ಹಂಗ ಆಗೂದಿಲ್ಲ. ಗದಗ-ಬೆಟಗೇರಿಯೊಳಗ ನಮ್ಮ ಅಕ್ಕನ ಮನಿ ಬಚ್ಚಲದ್ದು ಹೇಳ್ತೀನಿ, ಅದರ ಚೀಟಿ ಎಲ್ಲಾ ನನ್ನ ನೋಟಬುಕ್ಕಿನಾಗ ಅದಾವ. 7 ಅಡಿ ಉದ್ದ 5 ಅಡಿ ಅಗಲದ ಬಚ್ಚಲ, 35 ಚದರ ಅಡಿ. ಟೈಲ್ಸ್ 2,100, ಹಚ್ಚೂ ಕೂಲಿ 1,225, ಸಿಮೆಂಟ್ ಉಸುಕು 900, ಒಟ್ಟು 4,225 ರೂಪಾಯಿ. ಕೆಲಸ ಮುಗದ ಮೂರನೇ ದಿನ ಅಕ್ಕ ಒಂದು ಬಕೆಟ್ ನೀರು ಸುರುವಿದ್ಲು, ನೀರು ಜಾಲರಿ ಕಡೆ ಹೋಗೂದು ಬಿಟ್ಟು ಬಾಗಲಾ ಕಡೆ ಬಂದು ಪಡಸಾಲಿಯೊಳಗ ಹೊಕ್ಕಿತು. ಇಳಕಲು ಉಲ್ಟಾ ಕೊಟ್ಟಿದ್ರು.

ಹೊಳ್ಳಿ ಮಾಡಾಕ ಏನೇನು ಹತ್ತಿತು ನೋಡ್ರಿ: ಒಡಿಯಾಕ ಇಬ್ಬರು ಆಳು 1,800. ನೆಲದ ಟೈಲ್ಸ್ ಹೊಸಾದು 2,100. ಒಡಿಯೂವಾಗ ಗ್ವಾಡಿಯ ಕೆಳಗಿನ ಸಾಲೂ ಬಿರುಕು ಬಿಟ್ಟಿತು, ಅದೇ ಬಣ್ಣದ ಹಳೇ ಲಾಟ್ ಅಂಗಡ್ಯಾಗ ಇರಲಿಲ್ಲ, ಇಡೀ ಸಾಲು ಬ್ಯಾರೇ ಹಾಕಬೇಕಾತು, 1,600. ಕೆಳಗಿನ ವಾಟರ್‌ಪ್ರೂಫಿಂಗ್ ಚಾಣದ ಪೆಟ್ಟಿಗೆ ಹರದಿತ್ತು, 3,500. ಜಾಲರಿ ಟ್ರ್ಯಾಪ್ ಕೆಳಗ ಇಳಿಸಾಕ ಪ್ಲಂಬರ್ 600. ಟೈಲ್ಸ್ ಮೇಸ್ತ್ರಿ ಎರಡು ದಿನ 2,400, ಸಿಮೆಂಟ್ ಉಸುಕು 1,100, ಒಡದ ಕಸ ಒಯ್ಯಾಕ ಟ್ರ್ಯಾಕ್ಟರ್ 1,200. ಒಟ್ಟು 14,300. ಅಂದ್ರ 4,225ರ ಕೆಲಸ ಕೆಟ್ಟಿದ್ದಕ್ಕ ಮೂರು ಪಟ್ಟಿಗಿಂತ ಹೆಚ್ಚು ಹೋತು. ಇದರಾಗ ಇನ್ನೂ ಆ ತಿಂಗಳು ಬಾಡಗಿ ಮನ್ಯಾಗ ಕುಂತದ್ದು ಹಿಡದಿಲ್ಲ.

ಹಂಗಾಗಿ ಲೆಕ್ಕ ಹಾಕೂವಾಗ ಸಾಮಾನು ಎರಡು ಸಲ, ಕೂಲಿ ಮೂರು ಸಲ (ಕಟ್ಟಾಕ, ಒಡಿಯಾಕ, ಹೊಳ್ಳಿ ಕಟ್ಟಾಕ), ಕಸ ಸಾಗಿಸೂದು, ಪಕ್ಕದ ಕೆಲಸಕ್ಕ ಬಿದ್ದ ಪೆಟ್ಟು, ಆಮ್ಯಾಲೆ ದಿನಾ, ಇಷ್ಟೂ ಹಿಡೀರಿ. ದಿನಾ ಅಂದ್ರನೂ ರೊಕ್ಕನ. 30 ಲಕ್ಷ ಪೂರಾ ಎತ್ತಿದ ಸಾಲಕ್ಕ 9% ಬಡ್ಡಿ ಅಂದ್ರ ತಿಂಗಳಿಗೆ 22,500 ಬರೇ ಬಡ್ಡಿ, ಅದರ ಮ್ಯಾಲೆ ಬಾಡಗಿ. ಒಂದು ತಿಂಗಳು ಕೆಲಸ ಮುಂದ ಹೋದ್ರ ಯಾರೂ ಬಿಲ್ ಕೊಡೂದಿಲ್ಲ, ಆದ್ರ ರೊಕ್ಕ ಹೋಗಿರತೈತಿ.

ಹಂತ 1: ಮನ್ಯಾಗಿನ ಎಲ್ಲಾರನ್ನೂ ಕೇಳಿ ಕಾಗದದ ಮ್ಯಾಲೆ ಮುಗಿಸ್ರಿ

ನಾನು ನೋಡಿದ ಒಡದು ಕಟ್ಟೂ ಕೆಲಸದಾಗ ಅರ್ಧಕ್ಕರ್ಧ ಗೌಂಡಿ ತಪ್ಪಲ್ಲ, ಮನಿಯವರು ಮನಸ್ಸು ಬದಲಿ ಮಾಡಿದ್ದು. ಗ್ವಾಡಿ ಕಿಡಕಿ ಮಟ್ಟಕ್ಕ ಬಂದಾಗ ಊರಿಂದ ಕಾಕಾ ಬರ್ತಾರ, ದೇವರ ಮನಿ ಈಶಾನ್ಯದಾಗ ಇಲ್ಲಲ್ಲೋ ಅಂತಾರ, ಮರುದಿನ ಗ್ವಾಡಿ ಕೆಡವ್ತಾರ. ಕಾಕಾನ ಮ್ಯಾಲೆ ಸಿಟ್ಟಾಗಬ್ಯಾಡ್ರಿ, ಅವರನ್ನ ನಕ್ಷಾ ತೆಗೆಸೂ ಮೊದಲ ಕರೀರಿ. ವಾಸ್ತು ನೋಡಿಸೋರು ಇದ್ರ ಅವಾಗ್ಲೇ ನೋಡಿಸಿ ಮುಗಿಸ್ರಿ, ಪಾಯಾ ಪೂಜಾ ಆದ ಮ್ಯಾಲೆ ಬ್ಯಾಡ.

ಇನ್ನೊಂದು, ನಕ್ಷಾ ಓದೂದು ಎಲ್ಲಾರಿಗೂ ಬರೂದಿಲ್ಲ. ಸೈಟಿನಾಗ ಸುಣ್ಣದ ಪುಡಿಯಿಂದ ಖರೇ ಅಳತಿಗೆ ಕೋಣಿ ಗೆರಿ ಎಳೀರಿ, ಗ್ವಾಡಿ ದಪ್ಪನೂ ಸೇರಿಸಿ. ಆಮ್ಯಾಲೆ ಮನಿ ಮಂದಿಯನ್ನ ಅದರೊಳಗ ಅಡ್ಡಾಡಸ್ರಿ. 10-10ರ ಕೋಣಿಯೊಳಗ ಆರೂವರೆ ಅಡಿ ಮಂಚ, 2 ಅಡಿ ಕಪಾಟು ಗೆರಿ ಹಾಕಿದ್ರ ಉಳಿಯೂದು ಬರೇ ಒಂದೂವರೆ ಅಡಿ ಅಂತ ಕಣ್ಣಿಗೆ ಕಾಣತೈತಿ. ಕಾಗದದ ಮ್ಯಾಲೆ ಅದು ಕಾಣೂದಿಲ್ಲ.

ಅಡಗಿ ಕಟ್ಟಿ ವಿಷಯ ನಾನು ಬಿಟ್ಟು ಹೋಗಾಂಗಿಲ್ಲ. ಧಾರವಾಡದಾಗ ಒಂದು ಮನ್ಯಾಗ ಗ್ರಾನೈಟ್ ಕಟ್ಟಿ 34 ಇಂಚಿಗೆ ಹಾಕಿದ್ರು, ನೋಡಾಕ ಛಲೋ ಇತ್ತು. ಆ ಮನಿ ಅವ್ವ ಐದಡಿ ಎತ್ತರ ಇಲ್ಲ, ದಿನಾ ಎರಡು ಹೊತ್ತು ಜ್ವಾಳದ ರೊಟ್ಟಿ ನಿಂತು ಬಡಿಯೋರು. ಚಪಾತಿ ಲಟ್ಟಿಸೂದು ಬ್ಯಾರೆ, ರೊಟ್ಟಿ ಬಡಿಯೂದು ಬ್ಯಾರೆ, ಅಂಗೈ ಮ್ಯಾಲಿಂದ ಕೆಳಗ ಬೀಳಬೇಕು, ಕಟ್ಟಿ ಎತ್ತರ ಆದ್ರ ಹೆಗಲು ಎತ್ತಿ ಬಡೀಬೇಕಾಗತೈತಿ. 15 ದಿನಕ್ಕ ಅವರಿಗೆ ಕೈ ಎತ್ತಾಕ ಆಗಲಿಲ್ಲ. ಗ್ರಾನೈಟ್ ತೆಗಿಯೂವಾಗ ಎರಡು ತುಂಡಾತು, ಪೂರಾ ಹೊಸಾದು ತರಬೇಕಾತು. ಕಟ್ಟಿ ಕಟ್ಟೂ ಮೊದಲು ಬೇಕಾದಷ್ಟು ಎತ್ತರಕ್ಕ ಇಟ್ಟಂಗಿ ಪೇರಿಸಿ ಮ್ಯಾಲೊಂದು ಹಲಗಿ ಇಟ್ಟು ಅವ್ವಗ ಎರಡು ರೊಟ್ಟಿ ಬಡಿ ಅಂದಿದ್ರ ಸಾಕಿತ್ತು. ಈಗ ನಾನು ಪ್ರತಿ ಮನ್ಯಾಗ ಇದನ್ನ ಮಾಡಸ್ತೀನಿ, 30 ಇಂಚು ಬೇಕಂದವರೂ ಅದಾರ, 33 ಬೇಕಂದವರೂ ಅದಾರ.

ಎಲ್ಲಾ ಮುಗದ ಮ್ಯಾಲೆ ನಕ್ಷಾದ ಮ್ಯಾಲೆ ತಾರೀಖು ಹಾಕಿ ಸಹಿ ಮಾಡ್ರಿ. ಹಳೇ ನಕ್ಷಾದ ಪ್ರತಿ ಸೈಟಿನಾಗ ಒಂದೂ ಇರಬಾರದು, ಹರದ ಹಾಕ್ರಿ. ಗೌಂಡಿ ಕೈಯಾಗ ಹಳೇದು, ಇಂಜಿನಿಯರ್ ಮೊಬೈಲ್‌ನಾಗ ಹೊಸಾದು ಇದ್ದು ಕಿಡಕಿ ಜಾಗಾ ತಪ್ಪಿದ್ದು ನಾನಾ ಎರಡು ಸಲ ನೋಡೀನಿ. ಪಾಲಿಕೆಯಿಂದ ಪಾಸಾದ ನಕ್ಷಾಕ್ಕೂ ಸೈಟಿನ ನಕ್ಷಾಕ್ಕೂ ಫರಕ್ ಇರಬಾರದು, ಬಿಡಬೇಕಾದ ಜಾಗಾ ಬಿಡದ ಕಟ್ಟಿದ್ರ ಕಡೀಕ ಕಂಪ್ಲೀಶನ್ ಕಾಗದ ತಗೊಳ್ಳೂವಾಗ ತ್ರಾಸ ಆಗತೈತಿ.

ಹಂತ 2: ಮಣ್ಣು ನೋಡದ ಪಾಯಾ ಹಾಕಬ್ಯಾಡ್ರಿ

ನಮ್ಮ ಕಡೆ ಇದಕ್ಕಿಂತ ದೊಡ್ಡ ಮಾತಿಲ್ಲ. ಧಾರವಾಡ ದಾಟಿ ಪಶ್ಚಿಮಕ್ಕ ಹೋದ್ರ ಕೆಂಪು ಮಣ್ಣು, ಗರಸು ಸಿಗತೈತಿ, ಹುಬ್ಬಳ್ಳಿಯಿಂದ ಪೂರ್ವಕ್ಕ ಅಣ್ಣಿಗೇರಿ, ನವಲಗುಂದ, ಗದಗ ಕಡೆ ಹೊಂಟ್ರ ಎರಿ ಭೂಮಿ, ಅಂದ್ರ ಕಪ್ಪು ಮಣ್ಣು. ಎರಿ ಮಣ್ಣು ಮಳಿಗಾಲದಾಗ ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಒಣಗಿ ಕೈ ಹೊಗುವಷ್ಟು ಬಾಯಿ ಬಿಡತೈತಿ. ನಮ್ಮ ಹಿರಿಯರಿಗೆ ಇದು ಗೊತ್ತು, ಹೊಲದಾಗ ನೋಡ್ಯಾರ. ಅದೇ ಮಣ್ಣಿನ ಮ್ಯಾಲೆ ಮೂರಡಿ ಪಾಯಾ ತೋಡಿ ಮನಿ ಕಟ್ಟಿದ್ರ ವರ್ಷಕ್ಕೊಮ್ಮೆ ಮನಿ ಎತ್ತಿ ಇಳಿಸಿದಂಗ ಆಗತೈತಿ, ಕಿಡಕಿ ಮೂಲಿಯಿಂದ ಓರಿಯಾಗಿ ಬಿರುಕು ಶುರು ಆಗತಾವ, ಬಾಗಲಾ ಹಾಕಾಕ ಬರೂದಿಲ್ಲ. ಆ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹಚ್ಚೂದು ವರ್ಷಾ ವರ್ಷಾ ರೊಕ್ಕ ಚೆಲ್ಲಿದಂಗ, ರೋಗ ಕೆಳಗೈತಿ.

ಸೈಟಿನ ಎರಡು ಮೂಲ್ಯಾಗ ತೆಗ್ಗು ತೋಡಿಸಿ ಎರಿ ಎಷ್ಟು ಆಳ ಐತಿ, ಗರಸು ಎಲ್ಲಿ ಸಿಗತೈತಿ ನೋಡ್ರಿ, ಸಾಧ್ಯ ಇದ್ರ ಮಣ್ಣಿನ ಪರೀಕ್ಷಾ ಮಾಡಸ್ರಿ. ಗರಸು ಮ್ಯಾಲೇ ಇದ್ರ ಅಲ್ಲಿ ತನಕ ಪಾಯಾ ಇಳಸ್ತಾರ. ಎರಿ ಭಾಳ ಆಳ ಇದ್ರ ಅಂಡರ್ ರೀಮ್ಡ್ ಪೈಲ್ ಅಂತ ಮಾಡ್ತಾರ, ನೆಲಕ್ಕ ಕೊರದು ಬುಡದಾಗ ಗಡ್ಡಿಯಂಗ ಅಗಲ ಮಾಡಿದ ಕಂಬ, ಸಾಮಾನ್ಯವಾಗಿ 3.5 ಮೀಟರ್ ಅಥವಾ ಅದಕ್ಕಿಂತ ಆಳ, ಮಳಿ-ಬಿಸಲಿಗೆ ಮಣ್ಣು ಅಲ್ಲಾಡದ ಮಟ್ಟದ ತನಕ. ನಿಮಗ ಯಾವುದು ಬೇಕು ಅನ್ನೂದು ಸ್ಟ್ರಕ್ಚರಲ್ ಇಂಜಿನಿಯರ್ ಹೇಳಬೇಕು, ಬಾಜೂ ಮನಿಯವರು ಏನ್ ಹಾಕ್ಯಾರ ಅಂತ ನೋಡಿ ಹಾಕಬ್ಯಾಡ್ರಿ.

ಪಾಯಾ ತೋಡಿದಾಗ ಬಂದ ಎರಿ ಮಣ್ಣನ್ನ ಹೊಳ್ಳಿ ಮನಿ ಒಳಗ ತುಂಬೂದು ಇನ್ನೊಂದು ದೊಡ್ಡ ತಪ್ಪು, ಟ್ರ್ಯಾಕ್ಟರ್ ಬಾಡಗಿ ಉಳೀತು ಅಂತ ತುಂಬ್ತಾರ, ಎರಡು ವರ್ಷಕ್ಕ ನೆಲ ಉಬ್ಬಿ ಟೈಲ್ಸ್ ಏಳತಾವ. ಒಳಗ ಗರಸು ತುಂಬ್ರಿ, 6 ಇಂಚಿಗೊಮ್ಮೆ ನೀರು ಬಿಟ್ಟು ಧುಮ್ಮಸ ಹೊಡೀರಿ. ಒಂದ ದಿನಕ್ಕ ಮೂರಡಿ ತುಂಬಿದ್ರ ಅದು ಕೂಡೂದಿಲ್ಲ, ನೀವು ಒಳಗ ಬಂದ ಮ್ಯಾಲೆ ಕುಸೀತೈತಿ.

ಹಂತ 3: ಕರಾರಿನಾಗ ಒಡಿಯೂ ಖರ್ಚು ಯಾರದು ಅಂತ ಬರೀರಿ

ಚದರ ಅಡಿಗೆ ಇಷ್ಟು ಅಂತ ರೇಟ್ ಮಾತಾಡಿ ಕೈ ಕುಲಕಿದ್ರ ಸಾಲೂದಿಲ್ಲ. ಮೂರು ಸಾಲು ಸಾಕು: ನಕ್ಷಾದಂಗ ಆಗದಿದ್ರ ಗುತ್ತಿಗೆದಾರರ ಖರ್ಚು, ನಕ್ಷಾದಾಗಿನ ತಪ್ಪಾದ್ರ ನಕ್ಷಾ ಮಾಡಿದವರನ್ನ ಕರಸಿ ಮಾತಾಡೂದು, ಮನಿಯವರು ಬದಲಿ ಮಾಡಿದ್ರ ಮನಿಯವರ ಖರ್ಚು. ಮನಿಯವರ ಬದಲಿಗೆ ಒಂದು ಚೀಟಿ ಇರಬೇಕು, ಏನ್ ಬದಲಿ, ಎಷ್ಟು ರೊಕ್ಕ, ಎಷ್ಟು ದಿನ ಹೆಚ್ಚು, ಇಬ್ಬರ ಸಹಿ. ಈ ಚೀಟಿ ಬರಿಯೂವಾಗ ಅರ್ಧ ಬದಲಿ ತಾವಾ ನಿಂತು ಹೋಗತಾವ, ನನ್ನ ಅನುಭವ ಇದು, ಯಾಕಂದ್ರ ಖರ್ಚು ಕಣ್ಣ ಮುಂದ ಬರತೈತಿ. ರೊಕ್ಕ ಹಂತ ಹಂತಕ್ಕ ಕೊಡ್ರಿ, ಕಡೀ 5% ಒಂದು ಮಳಿಗಾಲ ದಾಟೂ ತನಕ ಹಿಡಕೊಳ್ಳೂದು ಅಂತ ಮೊದಲ ದಿನಾನ ಬರೀರಿ, ಕೆಲಸ ಮುಗದ ಮ್ಯಾಲೆ ಹೇಳಿದ್ರ ಜಗಳ.

ಹಂತ 4: ಲೈನ್ ಔಟ್ (ಪಾಯಾಕ್ಕ ನೆಲದ ಮ್ಯಾಲೆ ಗೆರಿ ಹಾಕೂ) ದಿನ ನೀವಾ ಟೇಪ್ ಹಿಡೀರಿ

30-40ರ ಸೈಟಿನ ಒಂದು ಅನುಕೂಲ ಐತಿ, ಮೂಲಿಯಿಂದ ಎದುರು ಮೂಲಿಗೆ ಟೇಪ್ ಹಿಡದ್ರ ಸರಿಯಾಗಿ 50 ಅಡಿ ಬರಬೇಕು. ಎರಡೂ ಕಡೆ ಹಿಡೀರಿ. ಒಂದು 50, ಇನ್ನೊಂದು 49 ಚಿಲ್ಲರ ಬಂದ್ರ ಮೂಲಿ ಸರಿ ಇಲ್ಲ. ಪ್ರತಿ ಕೋಣಿಗೂ ಹಂಗ ಎರಡೂ ಕರ್ಣ ಅಳೀರಿ, ಸಮ ಇರಬೇಕು. ಇಲ್ಲೆ 2 ಇಂಚು ಓರಿ ಆದ್ರ ಕಡೀಕ ಟೈಲ್ಸ್ ಹಚ್ಚೂವಾಗ ಗ್ವಾಡಿ ಗುಂಟ ಚೂರು ಚೂರು ಕತ್ತರಿಸಿ ಹಾಕೂ ಪಾಳಿ ಬರತೈತಿ, ಅವಾಗ ಗ್ವಾಡಿ ಕೆಡವಾಕೂ ಆಗೂದಿಲ್ಲ. ದಾರ ಎಳದು ಅಳಿಯಾಕ ಒಂದು ಮುಂಜಾನಿ ಸಾಕು.

ಹಂತ 5: ಕಾಂಕ್ರೀಟ್ ಹಾಕೂ ಹಿಂದಿನ ದಿನ

ಕಾಂಕ್ರೀಟ್ ಹಾಕೂ ದಿನ ಹೋಗಿ ನಿಂತ್ರ ಉಪಯೋಗ ಇಲ್ಲ, ಮಿಕ್ಸರ್ ತಿರಗಾಕ ಹತ್ತಿರತೈತಿ, 20 ಮಂದಿ ನಿಂತಿರ್ತಾರ, ಅವಾಗ ನಿಲ್ಲಸ್ರಿ ಅನ್ನಾಕ ನಿಮಗೂ ಬಾಯಿ ಬರೂದಿಲ್ಲ. ಹಿಂದಿನ ದಿನ ಸಂಜಿ ಮುಂದ ಹೋಗ್ರಿ. ನಕ್ಷಾ ಹಿಡದು ರಾಡ್ ಎಣಸ್ರಿ, ಎಷ್ಟು ಎಂಎಂ, ಎಷ್ಟು ಅಂತರಕ್ಕ. ರಾಡ್ ಸುತ್ತ ಕಟ್ಟೂ ರಿಂಗ್‌ನ ಕೊಂಡಿ ಒಳಗ ಬಗ್ಗಿರಬೇಕು. ಕವರ್ ಅಂದ್ರ ರಾಡ್ ಮುಚ್ಚೂ ಕಾಂಕ್ರೀಟಿನ ದಪ್ಪ, ಅದು ಉಳಿಯಾಕ ರಾಡ್ ಕೆಳಗ, ಬಾಜೂಕ ಇಡೂ ಸಣ್ಣ ಕವರ್ ಬ್ಲಾಕ್ ಅದಾವಿಲ್ಲ ನೋಡ್ರಿ: ಸ್ಲ್ಯಾಬಿಗೆ 20 ಮಿಮೀ, ಕಾಲಮ್‌ಗೆ 40, ಪಾಯಾದ ಫೂಟಿಂಗ್‌ಗೆ 50. ಖಡಿ ಚೂರು ಕೆಳಗ ಇಟ್ಟು ಇದೇ ಕವರ್ ಅಂದ್ರ ಒಪ್ಪಬ್ಯಾಡ್ರಿ, ಮಂದಿ ಮ್ಯಾಲೆ ಅಡ್ಡಾಡಿದ ಕೂಡಲೆ ಜಾರಿ ಹೋಗತಾವ. ಮ್ಯಾಲಿನ ರಾಡ್ ಕೆಳಗ ಕೂಡಬಾರದಂತ ಚೇರ್ (ಬಗ್ಗಿಸಿದ ರಾಡಿನ ಆಸರ) ಇಟ್ಟಾರಿಲ್ಲ ನೋಡ್ರಿ, ಬಾಲ್ಕನಿಯಾಗ ಇದು ಭಾಳ ಮುಖ್ಯ, ಅಲ್ಲೆ ಭಾರ ಹೊರೂದು ಮ್ಯಾಲಿನ ರಾಡ್.

ಫ್ಯಾನ್ ಬಾಕ್ಸ್, ಲೈಟಿನ ಪೈಪ್, ಬಚ್ಚಲದ ಸಂಕ್ (ತಗ್ಗು ಮಾಡಿದ ಸ್ಲ್ಯಾಬ್) ಪೈಪಿನ ತೂತು ಎಲ್ಲಾ ಅವಾಗ್ಲೇ ಇರಬೇಕು. ಎಲೆಕ್ಟ್ರಿಶಿಯನ್, ಪ್ಲಂಬರ್ ಇಬ್ಬರನ್ನೂ ಸ್ಲ್ಯಾಬಿನ ಮ್ಯಾಲೆ ಕರಸಿ ಗೌಂಡಿ ಮುಂದ ನಿಲ್ಲಸಿ ಕೇಳ್ರಿ. ಒಂದು ಫ್ಯಾನ್ ಬಾಕ್ಸ್ ಮರತ್ರ ಆಮ್ಯಾಲೆ ಸ್ಲ್ಯಾಬಿನ ಕೆಳಗ ಪೈಪಿಗೆ ಉದ್ದಕ ತೋಡು ಕೊರೀತಾರ, ಅಲ್ಲಿರೂದು ಬರೇ 20 ಮಿಮೀ ಕವರ್, ಅದು ಹೋದ್ರ ರಾಡ್ ಬಯಲಾಗಿ ಜಂಗು ಹತ್ತತೈತಿ. ಬೀಮಿನಾಗ ಪೈಪ್ ಹೋಗೂದಿದ್ರ ಮೊದಲ ಸ್ಲೀವ್ (ಪೈಪ್ ಹಾಯಾಕ ದೊಡ್ಡ ಪೈಪಿನ ತುಂಡು) ಇಡ್ರಿ, ಆಮ್ಯಾಲೆ ತೂತು ಹೊಡಿಯೂ ಮಾತಾ ಬ್ಯಾಡ.

ನೀರು. ಎಂ20 ಕಾಂಕ್ರೀಟ್, ಅಂದ್ರ ಒಂದು ಪಾಲು ಸಿಮೆಂಟಿಗೆ ಒಂದೂವರೆ ಉಸುಕು, ಮೂರು ಖಡಿ, 50 ಕೆಜಿ ಚೀಲಕ್ಕ 30 ಲೀಟರ್ ನೀರಿನ ಒಳಗ ಇರಬೇಕು. ಒದ್ದಿ ಉಸುಕಿದ್ರ ಇನ್ನೂ ಕಡಿಮಿ. ನಮ್ಮಲ್ಲೆ ಪೈಪಿನಿಂದ ಕಣ್ಣಂದಾಜು ಬಿಡ್ತಾರ, ತೆಳ್ಳಗಾದ್ರ ಸುರುವಾಕ ಹಗರ, ಆದ್ರ ಬಲ ಹೋಗತೈತಿ. ಒಂದು ಬಕೆಟ್‌ಗೆ ಗೆರಿ ಹಾಕಿ ಕೊಡ್ರಿ. ಬೋರಿನ ನೀರು ಉಪ್ಪಿದ್ರ ಮೊದಲ ಪರೀಕ್ಷಾ ಮಾಡಸ್ರಿ, ಕಬ್ಬಿಣ ಇರೂ ಕಾಂಕ್ರೀಟಿಗೆ ಕ್ಲೋರೈಡ್ ಲೀಟರ್‌ಗೆ 500 ಮಿಲಿಗ್ರಾಮ್ ದಾಟಬಾರದು. ಅದೇ ಕಾಂಕ್ರೀಟ್ 150 ಮಿಮೀ ಕ್ಯೂಬ್ ಅಚ್ಚು ಮೂರರಾಗ ತುಂಬಿ ಇಡಸ್ರಿ, 28 ದಿನಕ್ಕ ಬಲದ ಪರೀಕ್ಷಾ, ಸಿವಿಲ್ ವಿಭಾಗದ ಲ್ಯಾಬ್ ಇರೂ ಇಂಜಿನಿಯರಿಂಗ್ ಕಾಲೇಜಿನಾಗ ವಿಚಾರಸ್ರಿ. ಈ ಪರೀಕ್ಷಾಕ್ಕ ಹೋಗೂದು ಸಣ್ಣ ರೊಕ್ಕ, ಆದ್ರ ಮುಂದ ಸಂಶಯ ಬಂದ್ರ ನಿಮ್ಮ ಕೈಯಾಗ ಕಾಗದ ಇರತೈತಿ.

ಕ್ಯೂರಿಂಗ್, ಅಂದ್ರ ಕಾಂಕ್ರೀಟ್ ಒದ್ದಿ ಇಡೂದು, ಓಪಿಸಿ (ಸಾದಾ) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ (ಬೂದಿ ಬೆರಸಿದ ಸಿಮೆಂಟ್) ಕನಿಷ್ಠ 10, ನಮ್ಮ ಏಪ್ರಿಲ್ ಬಿಸಲಾಗ 14 ದಿನ ಹಿಡೀರಿ. ಸೆಂಟ್ರಿಂಗ್ ಕಂಬ, ಅಂದ್ರ ಹಸಿ ಕಾಂಕ್ರೀಟಿಗೆ ಕೆಳಗಿನ ಆಸರ, ತಗಿಯೂದು ಆಸರ ಇಲ್ಲದ ಅಂತರ 4.5 ಮೀಟರ್ ಒಳಗಿನ ಸ್ಲ್ಯಾಬಿಗೆ 7 ದಿನಕ್ಕ, ಅದಕ್ಕೂ ದೊಡ್ಡದಕ್ಕ 14 ದಿನಕ್ಕ, 6 ಮೀಟರ್ ಒಳಗಿನ ಬೀಮಿಗೆ 14, ದೊಡ್ಡ ಬೀಮಿಗೆ 21. ಇವು ಐಎಸ್ 456, ಅಂದ್ರ ಕಾಂಕ್ರೀಟಿನ ಭಾರತೀಯ ಮಾನದಂಡದಾಗಿನ ಕನಿಷ್ಠ ದಿನಾ, ಓಪಿಸಿಗೆ. ಪಿಪಿಸಿ ಇದ್ರ ಇನ್ನೂ ಸ್ವಲ್ಪ ಬಿಡ್ರಿ. ಸೆಂಟ್ರಿಂಗ್‌ನವರು ಬ್ಯಾರೇ ಸೈಟಿಗೆ ಹಲಗಿ ಬೇಕಂತ ಬಂದು ನಿಂತ್ರೂ ಬಿಚ್ಚಾಕ ಬಿಡಬ್ಯಾಡ್ರಿ.

ಹಂತ 6: ಗ್ವಾಡಿ, ಪೈಪ್, ಪ್ಲಾಸ್ಟರ್

ಇಲ್ಲಿ ಕೆಡೂದು ಸರತಿ ತಪ್ಪಿದಾಗ. ಪ್ಲಾಸ್ಟರ್ ಆದ ಮ್ಯಾಲೆ ಎಲೆಕ್ಟ್ರಿಶಿಯನ್ ಬಂದು ಪೈಪಿಗೆ ತೋಡು ಕೊರಿಯೂದು, ಬಣ್ಣ ಆದ ಮ್ಯಾಲೆ ಏಸಿ ಪಾಯಿಂಟ್ ನೆನಪಾಗೂದು. ಪ್ಲಾಸ್ಟರ್‌ಗೂ ಮೊದಲ ಪ್ರತಿ ಸ್ವಿಚ್‌ಬೋರ್ಡ್ ಜಾಗಾಕ್ಕ ಗ್ವಾಡಿ ಮ್ಯಾಲೆ ಬಣ್ಣದ ಸೀಮಿಸುಣ್ಣದಿಂದ ಚೌಕ ಬರೀರಿ, ಮನ್ಯಾಗಿನ ಹೆಣ್ಣಮಕ್ಕಳು ಮಿಕ್ಸರ್ ಎಲ್ಲಿ, ಫ್ರಿಜ್ ಎಲ್ಲಿ, ಬಾಗಲಾ ಯಾವ ಕಡೆ ತೆರೀತೈತಿ ನೋಡಿ ಹೇಳಲಿ. ನೀರಿನ ಪೈಪಿಗೆ ಎಲ್ಲಾ ಬಾಯಿ ಮುಚ್ಚಿ ಪಂಪಿನಿಂದ ಒತ್ತಡ ಕೊಟ್ಟು ಒಂದು ರಾತ್ರಿ ಬಿಡ್ರಿ, ಗೇಜಿನ ಮುಳ್ಳು ಕೆಳಗ ಬಂದಿದ್ರ ಎಲ್ಲೋ ಜಾಯಿಂಟ್ ಸೋರತೈತಿ. ಆಮ್ಯಾಲೆ ಪ್ರತಿ ಗ್ವಾಡಿಗೂ ಟೇಪ್ ಹಿಡದು ಫೋಟೋ ತಗೀರಿ, ನೆಲದಿಂದ ಎಷ್ಟು, ಮೂಲಿಯಿಂದ ಎಷ್ಟು ಪೈಪ್ ಐತಿ ಅಂತ ಕಾಣಬೇಕು. ಐದು ವರ್ಷ ಆದ ಮ್ಯಾಲೆ ಮೊಳಿ ಹೊಡಿಯೂವಾಗ ಈ ಫೋಟೋ ಕೆಲಸಕ್ಕ ಬರತೈತಿ. ಕಾಲಮ್‌ಗೂ ಇಟ್ಟಂಗಿ ಗ್ವಾಡಿಗೂ ಕೂಡೂ ಜಾಗಾದಾಗ ಚಿಕನ್ ಮೆಶ್ (ಸಣ್ಣ ತಂತಿ ಜಾಳಗಿ) ಹಾಕಿ ಪ್ಲಾಸ್ಟರ್ ಮಾಡಸ್ರಿ, ಇಲ್ಲಂದ್ರ ಅಲ್ಲೇ ನೆಟ್ಟಗ ಬಿರುಕು ಬರತೈತಿ.

ಗೃಹಪ್ರವೇಶದ ಕಾರ್ಡ್ ಮೊದಲ ಪ್ರಿಂಟ್ ಹಾಕಿಸಿ ಆ ತಾರೀಖಿಗೆ ಬಣ್ಣ ಮುಗಿಸ್ರಿ ಅಂದ್ರ ಹಸಿ ಪ್ಲಾಸ್ಟರ್ ಮ್ಯಾಲೆ ಪುಟ್ಟಿ ಬೀಳತೈತಿ, ಆರು ತಿಂಗಳಿಗೆ ಚಕ್ಕಿ ಏಳತೈತಿ. ಪ್ಲಾಸ್ಟರ್ ಕ್ಯೂರಿಂಗ್ ಆಗಿ ನಾಲ್ಕು ವಾರಾದ್ರೂ ಒಣಗಲಿ, ಮುಹೂರ್ತ ಆ ಲೆಕ್ಕದಾಗ ತಗೀರಿ.

ಹಂತ 7: ಬಚ್ಚಲ, ತಾರಸಿ

ಅಕ್ಕನ ಮನಿ ಆದ ಮ್ಯಾಲೆ ನಾನು ಟೈಲ್ಸ್ ಹಚ್ಚೂ ಮೊದಲ ಎರಡು ಪರೀಕ್ಷಾ ಮಾಡದ ಬಿಡೂದಿಲ್ಲ. ವಾಟರ್‌ಪ್ರೂಫಿಂಗ್ ಆದ ಮ್ಯಾಲೆ ಪೈಪಿನ ಬಾಯಿಗೆ ಬಟ್ಟಿ ತುರುಕಿ ನೀರು ನಿಲ್ಲಸಿ ಗ್ವಾಡಿಗೆ ಗೆರಿ ಹಾಕಿ 48 ತಾಸು ಬಿಡೂದು, ಕೆಳಗಿನ ಸ್ಲ್ಯಾಬಿಗೆ ಕೈ ಹಚ್ಚಿ ಒದ್ದಿ ನೋಡೂದು. ಎರಡನೇದು, ಟೈಲ್ಸ್ ಗಾರಿ ಹಾಸೂ ಮೊದಲ ಜಾಲರಿ ಮಟ್ಟದಿಂದ ಬಾಗಲಾ ತನಕ ದಾರ ಕಟ್ಟಿ 5 ಅಡಿಗೆ ಮುಕ್ಕಾಲು ಇಂಚಾದ್ರೂ ಇಳಕಲು ಐತಿಲ್ಲ ಅಂತ ಅಳಿಯೂದು. ಟೈಲ್ಸ್ ಎರಡು ಬಾಕ್ಸ್ ಹೆಚ್ಚಿಗೆ ತಂದು ಅಟ್ಟದ ಮ್ಯಾಲೆ ಇಡ್ರಿ, ಅದೇ ಲಾಟ್ ಆಮ್ಯಾಲೆ ಸಿಗೂದಿಲ್ಲ. ತಾರಸಿಗೂ ಹಂಗ ನೀರು ನಿಲ್ಲಸಿ ನೋಡ್ರಿ, ಮೇ ತಿಂಗಳ ಗುಡುಗಿನ ಮಳಿ ಬರೂಕಿಂತ ಮೊದಲು.

ಹಂತ 8: ಅಷ್ಟಾದ್ರೂ ತಪ್ಪಾತು ಅಂದ್ರ

ಎಲ್ಲಾ ತಪ್ಪೂ ಒಡೀಬೇಕಾಗಿಲ್ಲ, ಎಲ್ಲಾ ತಪ್ಪೂ ಮುಚ್ಚಬಾರದು. ಸ್ವಿಚ್‌ಬೋರ್ಡ್ 2 ಇಂಚು ಮ್ಯಾಲೆ ಕೆಳಗ ಆಗಿದ್ರ ಬಿಟ್ಟಬಿಡ್ರಿ. ಟೈಲ್ಸ್‌ನಾಗ ಸಣ್ಣ ಬಣ್ಣದ ಫರಕ್ ಇದ್ರ ಕಪಾಟಿನ ಹಿಂದ ಹೋಗಲಿ. ಆದ್ರ ನೀರು, ಕರೆಂಟ್, ಕಾಲಮ್-ಬೀಮ್, ಈ ಮೂರರಾಗ ರಾಜಿ ಬ್ಯಾಡ.

ಸೆಂಟ್ರಿಂಗ್ ಬಿಚ್ಚಿದಾಗ ಕಾಲಮ್‌ನಾಗ ಜೇನುಗೂಡಿನಂಗ ತೂತು ಕಂಡ್ರ ಭಾಳ ಗೌಂಡಿಗಳು ಆಗಿಂದಾಗ ಸಿಮೆಂಟ್ ಹಾಲು ಬಳದು ಮುಚ್ಚಿ ಬಿಡ್ತಾರ. ಬಿಚ್ಚೂ ದಿನ ನೀವು ಅಲ್ಲೇ ಇರ್ರಿ, ಮುಚ್ಚೂಕಿಂತ ಮೊದಲ ಫೋಟೋ ತಗದು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಕಳಸ್ರಿ. ಮ್ಯಾಲೆ ಮ್ಯಾಲೆ ಐತೋ ರಾಡ್ ತನಕ ಹೋಗೇತೋ ನೋಡಿ, ಬಡದು ಸಡಲಿದ್ದು ತಗದು ಗ್ರೌಟ್ (ತೂತು ತುಂಬೂ ತೆಳು ಗಾರಿ) ತುಂಬಬೇಕೋ, ಕಾಲಮ್ಮಾ ಹೊಳ್ಳಿ ಹಾಕಬೇಕೋ ಅವರು ಹೇಳಲಿ. ಒಂದು ಮಹಡಿ ಅಂತ ನಕ್ಷಾ ಮಾಡಿಸಿ ಆಮ್ಯಾಲೆ ಇನ್ನೊಂದು ಏರಿಸೂದು, ಅಂಗಡಿ ಅಗಲ ಆಗಲಿ ಅಂತ ಕಾಲಮ್ ತಗಿಯೂದು, ಇವನ್ನ ಯಾರು ಹೇಳಿದ್ರೂ ಮಾಡಬ್ಯಾಡ್ರಿ. 2019ರ ಮಾರ್ಚ್ 19ಕ್ಕ ಧಾರವಾಡದ ಕುಮಾರೇಶ್ವರ ನಗರದಾಗ ಕಟ್ಟಾಕ ಹತ್ತಿದ್ದ ಬಿಲ್ಡಿಂಗ್ ಕುಸದು 19 ಜೀವ ಹೋದವು. ಅವತ್ತಿನಿಂದ ನಾನು ಕಾಲಮ್ ವಿಷಯದಾಗ ಯಾರ ಒತ್ತಾಯಕ್ಕೂ ಸಡಲ ಬಿಟ್ಟಿಲ್ಲ.

ಜಗಳ ಬಂದ್ರ ಕಾಗದ ಮಾತಾಡಬೇಕು. ರೇರಾದಾಗ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆದ ಯೋಜನಾದಾಗ ಬಿಲ್ಡರ್ ಕಡಿಂದ ಮನಿ ತಗೊಂಡಿದ್ರ ಸ್ವಾಧೀನ ಸಿಕ್ಕ 5 ವರ್ಷದ ಒಳಗ ಕಟ್ಟಡದ ದೋಷ ತಿಳಿಸಿದ್ರ 30 ದಿನದಾಗ ಅವರ ಖರ್ಚಿನಾಗ ಸರಿ ಮಾಡಿ ಕೊಡಬೇಕು. ಸ್ವಂತ ಸೈಟಿನಾಗ ಗುತ್ತಿಗೆದಾರರಿಂದ ಕಟ್ಟಿಸಿದ್ರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗ ಮನಿ ಕಟ್ಟಿ ಕೊಡೂದೂ ಸೇವೆನ, ತಕರಾರಿಗೆ ಕಾರಣ ಆದ ದಿನದಿಂದ 2 ವರ್ಷದ ಒಳಗ ಜಿಲ್ಲಾ ಗ್ರಾಹಕರ ಆಯೋಗಕ್ಕ ಹೋಗಬಹುದು. ಬದಲಿ ಚೀಟಿ, ಫೋಟೋ, ಕ್ಯೂಬ್ ರಿಪೋರ್ಟ್ ಅಲ್ಲಿ ಬೇಕಾಗತಾವ.

ಹಂತ 9: ಮೊದಲ ಮಳಿ

ಜೂನಿನಾಗ ಮೊದಲ ದೊಡ್ಡ ಮಳಿ ಬಿದ್ದ ಮರುದಿನ ಮನಿ ತುಂಬ ಒಂದು ಸುತ್ತು ಹಾಕ್ರಿ. ಕಿಡಕಿ ಕೆಳಗಿನ ಮೂಲಿ, ಸಜ್ಜಾ ಗ್ವಾಡಿಗೆ ಕೂಡೂ ಜಾಗಾ, ತಾರಸಿ ನೀರಿನ ಪೈಪ್ ಇಳಿಯೂ ಮೂಲಿ, ಬಚ್ಚಲದ ಹೊರಗಿನ ಗ್ವಾಡಿ, ಇವಕ್ಕ ಅಂಗೈ ಹಚ್ಚಿ ನೋಡ್ರಿ. ಒದ್ದಿ ಇದ್ರ ಅದರ ಅಂಚಿಗೆ ಪೆನ್ಸಿಲ್‌ನಿಂದ ಗೆರಿ ಎಳದು ತಾರೀಖು ಬರೀರಿ. ಎರಡು ದಿನ ಬಿಟ್ಟು ಒದ್ದಿ ಗೆರಿ ದಾಟಿದ್ರ ಫೋಟೋ ತಗದು ಗುತ್ತಿಗೆದಾರರಿಗೆ ಕಳಸ್ರಿ, ಆ 5% ಇನ್ನೂ ನಿಮ್ಮ ಕಡೆನ ಐತಿ.